ಡಿ ಡ್ರೈವ್‌ನಲ್ಲಿರುವ ವಿಂಡೋಸ್ ಆಟಗಳನ್ನು ಅಲ್ಲಿಂದಲೇ ಲಿನಕ್ಸ್‌ನಲ್ಲೂ ಆಡಬಹುದೇ?

ಡಿ ಡ್ರೈವ್‌ನಲ್ಲಿರುವ 400 ಜಿಬಿ ಆಟಗಳನ್ನು ಮತ್ತೆ ಇಳಿಸಿಕೊಳ್ಳದೆ, ಅದೇ ಡ್ರೈವ್‌ನಿಂದ ಲಿನಕ್ಸ್‌ನಲ್ಲೂ ಆಡಬಹುದೇ, ಅದಕ್ಕೆ ಯಾವ ಡಿಸ್ಟ್ರೊ (ಲಿನಕ್ಸ್‌ನ ಬಗೆ) ಒಳ್ಳೆಯದು ಎಂದು ಕೇಳಿದ್ದೀರಿ. ಆಡಬಹುದು. 2021ರಲ್ಲಿ ನಾನು ಅದನ್ನೇ ಮಾಡಿದೆ, ಐದು ತಿಂಗಳು ಸೊಗಸಾಗಿ ನಡೆಯಿತು, ಆಮೇಲೊಂದು ಬೆಳಿಗ್ಗೆ ಎಪ್ಪತ್ತು ಗಂಟೆಗಳ ಆಟ ಇಲ್ಲವಾಯಿತು.

ಆಗ ದಾವಣಗೆರೆಯ ನಮ್ಮ ಮನೆಯಲ್ಲಿ ನನಗೂ ತಮ್ಮನಿಗೂ ಸೇರಿ ಇದ್ದದ್ದು ಒಂದೇ ಲ್ಯಾಪ್‌ಟಾಪ್: ಎನ್‌ವಿಡಿಯಾದ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ್ಯಾಮ್, ವಿಂಡೋಸ್ ಇದ್ದ 256 ಜಿಬಿಯ ಎಸ್‌ಎಸ್‌ಡಿ ಮತ್ತು ಆಟಗಳಿದ್ದ 1 ಟಿಬಿಯ ಹಾರ್ಡ್‌ಡಿಸ್ಕ್. ತಮ್ಮನಿಗೆ ಲಿನಕ್ಸ್‌ನಲ್ಲಿ ನಡೆಯದ ವಾಲರಂಟ್ ಆಟ ಬೇಕಾಗಿದ್ದರಿಂದ ವಿಂಡೋಸ್ ತೆಗೆಯುವಂತಿರಲಿಲ್ಲ. ನನಗೆ ಕೆಲಸಕ್ಕೆ ಲಿನಕ್ಸ್ ಬೇಕಾಗಿದ್ದರಿಂದ ಎಸ್‌ಎಸ್‌ಡಿಯಲ್ಲಿ 60 ಜಿಬಿ ಬಿಡಿಸಿಕೊಂಡು ಮಿಂಟ್ ಎಂಬ ಡಿಸ್ಟ್ರೊ ಹಾಕಿಕೊಂಡೆ. ಕೆಲಸ ಮುಗಿದ ಮೇಲೆ ವಿಚರ್ 3 ಆಡಲೆಂದು ಪ್ರತಿ ರಾತ್ರಿ ವಿಂಡೋಸ್‌ಗೆ ರೀಸ್ಟಾರ್ಟ್ ಮಾಡುವುದು ಬೇಸರ ತರಿಸಿತು. ಆ ಆಟಕ್ಕೆ ಲಿನಕ್ಸ್ ಆವೃತ್ತಿಯೇ ಇಲ್ಲ. ಆದರೆ 2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ತನ್ನ ಆಟಗಳ ಅಂಗಡಿ ಸ್ಟೀಮ್‌ನೊಳಗೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಪ್ರೋಟಾನ್ ಸೇರಿಸಿದ ಮೇಲೆ ಅದು ದೊಡ್ಡ ಅಡ್ಡಿಯಾಗಿ ಉಳಿದಿಲ್ಲ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸಲೆಂದು 1993ರಿಂದ ಬೆಳೆದುಬಂದ ವೈನ್ ಅದರ ಬುನಾದಿ. ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್3ಡಿಯ ಕರೆಗಳನ್ನು ಲಿನಕ್ಸ್‌ಗೂ ತಿಳಿಯುವ ವಲ್ಕನ್ ಕರೆಗಳಾಗಿ ಬದಲಿಸುವ ಡಿಎಕ್ಸ್‌ವಿಕೆ ಅದರ ಜೊತೆಗಿದೆ. ಸ್ಟೀಮ್ ತೆರೆದು, ಡಿ ಡ್ರೈವ್‌ನ ಫೋಲ್ಡರನ್ನು ಲೈಬ್ರರಿಯಾಗಿ ತೋರಿಸಿ, ಪ್ಲೇ ಒತ್ತಿದೆ. ಆಟದ ಆರಂಭದ ಊರು ವೈಟ್ ಆರ್ಚರ್ಡ್‌ನ ಹಸಿರು ತೆರೆಯ ಮೇಲೆ ಮೂಡಿದಾಗ ಆದ ಖುಷಿಯಲ್ಲಿ ನಾನು ಮುಂದಿನದನ್ನು ಯೋಚಿಸಲಿಲ್ಲ.

ತಪ್ಪು ಎಲ್ಲಿತ್ತೆಂದು ಬಿಡಿಸಿ ಹೇಳುತ್ತೇನೆ, ಬೇಸರಿಸದೆ ಓದಿ. ಏಕೆಂದರೆ ನೀವು ಹೊರಟಿರುವ ದಾರಿ ಅದೇ.

ಪ್ರೋಟಾನ್ ಪ್ರತಿ ಆಟಕ್ಕೂ ಒಂದು ಪುಟ್ಟ ನಕಲಿ ವಿಂಡೋಸ್ ಕಟ್ಟಿಕೊಡುತ್ತದೆ. ಅದು ಲೈಬ್ರರಿ ಇರುವ ಡಿಸ್ಕ್‌ನಲ್ಲೇ ಕಾಂಪಾಟ್‌ಡೇಟಾ ಎಂಬ ಫೋಲ್ಡರ್‌ನೊಳಗೆ, ಆಟದ ಸ್ಟೀಮ್ ಸಂಖ್ಯೆಯ ಹೆಸರಿನಲ್ಲಿ ಕೂರುತ್ತದೆ. ವಿಚರ್ 3ರದ್ದು 292030. ಆ ನಕಲಿ ವಿಂಡೋಸ್‌ನ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿಯೇ ನಿಮ್ಮ ಸೇವ್ ಕಡತಗಳೂ (ಆಟ ಎಲ್ಲಿಯವರೆಗೆ ಬಂತೆಂಬ ದಾಖಲೆ) ಇರುತ್ತವೆ. ಪಕ್ಕದಲ್ಲಿ ‘ಸಿ:’ ಮತ್ತು ‘ಜೆಡ್:’ ಎಂಬ ಹೆಸರಿನ ಎರಡು ಲಿಂಕ್‌ಗಳಿರುತ್ತವೆ. ಆ ಹೆಸರಿನ ಕೊನೆಯ ಎರಡು ಚುಕ್ಕೆಗಳನ್ನು ಗಮನಿಸಿ. ಲಿನಕ್ಸ್‌ನ ಮಟ್ಟಿಗೆ ಅದು ಸಾಮಾನ್ಯ ಅಕ್ಷರ. ವಿಂಡೋಸ್‌ನ ಮಟ್ಟಿಗೆ ಕಡತದ ಹೆಸರಿನಲ್ಲಿ ಬರಲೇಬಾರದ ಅಕ್ಷರ. ಹಾಗಾಗಿ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆ) ಡಿಸ್ಕ್‌ನ ಮೇಲೆ ಅದನ್ನು ಕಂಡ ವಿಂಡೋಸ್‌ನ ಡಿಸ್ಕ್ ತಪಾಸಣೆಯ ಸಲಕರಣೆ ಚೆಕ್‌ಡಿಸ್ಕ್, ಡಿಸ್ಕ್ ಕೆಟ್ಟಿದೆ ಎಂದು ತಿಳಿದು ‘ದುರಸ್ತಿ’ ಮಾಡುತ್ತದೆ.

ಇಷ್ಟೇ ಆಗಿದ್ದರೆ ಪ್ರೋಟಾನ್ ಆ ಲಿಂಕ್‌ಗಳನ್ನು ಮರುಸೃಷ್ಟಿಸಿಕೊಳ್ಳುತ್ತಿತ್ತೋ ಏನೋ. ನಾನು ಇನ್ನೊಂದು ಕೆಲಸ ಮಾಡಿದ್ದೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದರೆ, ಶಟ್‌ಡೌನ್ ಒತ್ತಿದಾಗ ಅದು ನಿಜವಾಗಿ ಮುಚ್ಚಿಕೊಳ್ಳುವುದಿಲ್ಲ, ಅರೆನಿದ್ರೆಗೆ ಜಾರುತ್ತದೆ. ಡಿಸ್ಕ್‌ನ ಲೆಕ್ಕಪತ್ರದ ಒಂದಷ್ಟು ಭಾಗವನ್ನು ತನ್ನ ನೆನಪಿನಲ್ಲಿಯೇ ಇಟ್ಟುಕೊಂಡಿರುತ್ತದೆ. ತಮ್ಮ ರಾತ್ರಿ ಆಡಿ ಮುಚ್ಚಿಟ್ಟ ಲ್ಯಾಪ್‌ಟಾಪನ್ನು ಬೆಳಿಗ್ಗೆ ಮಿಂಟ್‌ನಲ್ಲಿ ತೆರೆದರೆ, ಡಿ ಡ್ರೈವ್ ಅಸುರಕ್ಷಿತ ಸ್ಥಿತಿಯಲ್ಲಿದೆ, ಓದಲು ಮಾತ್ರ ಸಾಧ್ಯ ಎಂಬ ಎಚ್ಚರಿಕೆ ಬರುತ್ತಿತ್ತು. ಬರೆಯಲಾಗದ ಡಿಸ್ಕ್‌ನಲ್ಲಿ ಆಟ ತೆರೆಯುವುದಿಲ್ಲ. ಹುಡುಕಿದಾಗ ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಆಜ್ಞೆ ಸಿಕ್ಕಿತು. ಟರ್ಮಿನಲ್‌ನಲ್ಲಿ ಒಂದು ಸಾಲು ಬರೆದರೆ ಡಿಸ್ಕ್ ಮತ್ತೆ ಬರೆಯಲು ಸಿಗುತ್ತಿತ್ತು. ಕೊನೆಗೆ ಅದಕ್ಕೊಂದು ಶಾರ್ಟ್‌ಕಟ್ ಕೂಡ ಮಾಡಿಟ್ಟುಕೊಂಡೆ, ಅಷ್ಟು ಜಾಣ ನಾನು. ಅದು ನಿಜವಾಗಿ ಏನು ಮಾಡುತ್ತದೆಂದು ಅದರ ಕೈಪಿಡಿಯಲ್ಲೇ ಬರೆದಿದೆ: ಡಿಸ್ಕ್‌ನ ಜರ್ನಲನ್ನು (ಬದಲಾವಣೆಗಳ ದಿನಚರಿಯನ್ನು) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್ ಏಳುವಾಗ ಪೂರ್ತಿ ತಪಾಸಣೆ ನಡೆಯಲಿ ಎಂದು ಗುರುತು ಹಾಕುತ್ತದೆ. ಅಂದರೆ ಎಚ್ಚರಿಕೆಯ ಗಂಟೆಯ ನಾಲಿಗೆಯನ್ನು ನಾನೇ ದಿನವೂ ಕಿತ್ತು, ಆ ಚೆಕ್‌ಡಿಸ್ಕ್‌ಗೆ ನಾನೇ ಆಹ್ವಾನ ಕೊಡುತ್ತಿದ್ದೆ.

ಆ ತಪಾಸಣೆಗೆ ಮೊದಲು ಕೆಲವು ಸೆಕೆಂಡುಗಳ ಅವಕಾಶವಿರುತ್ತದೆ, ಯಾವುದಾದರೂ ಕೀಲಿ ಒತ್ತಿದರೆ ತಪ್ಪಿಸಬಹುದು. ಅಷ್ಟು ದಿನ ತಮ್ಮ ಅವಸರಕ್ಕೆ ಕೀಲಿ ಒತ್ತಿ ಮುಂದೆ ಹೋಗುತ್ತಿದ್ದನಂತೆ. ಆ ಭಾನುವಾರ ಲ್ಯಾಪ್‌ಟಾಪ್ ಆನ್ ಮಾಡಿ ತಿಂಡಿಗೆಂದು ಎದ್ದು ಬಂದಿದ್ದ. ಹತ್ತು ನಿಮಿಷದ ಮೇಲೆ ಒಳಗಿನಿಂದ ಕೂಗಿದ: “ಅಣ್ಣಾ, ಡಿ ಡ್ರೈವ್ ರಿಪೇರಿ ಅಂತ ಏನೋ ಬರ್ತಾ ಇದೆ, ನಲವತ್ತು ಪರ್ಸೆಂಟ್ ಆಗಿದೆ, ಆಫ್ ಮಾಡ್ಲಾ?” ಮಂಡಕ್ಕಿಯ ಕೈಯಲ್ಲೇ ಓಡಿದೆ. ನಡುವೆ ಆಫ್ ಮಾಡಿದರೆ ಇನ್ನೂ ಕೆಡಬಹುದೆಂದು ಇಬ್ಬರೂ ಅದನ್ನು ನೋಡುತ್ತಾ ನಿಂತೆವು. ಮುಗಿದ ಮೇಲೆ 292030ರ ಫೋಲ್ಡರ್ ಟೊಳ್ಳಾಗಿತ್ತು. ಡ್ರೈವ್‌ನ ಬುಡದಲ್ಲಿ ‘ಫೌಂಡ್.000’ ಎಂಬ ಹೊಸ ಫೋಲ್ಡರ್ ಹುಟ್ಟಿಕೊಂಡು, ಅದರೊಳಗೆ ಹೆಸರಿಲ್ಲದ ಚೂರುಗಳು ತುಂಬಿದ್ದವು. ಸ್ಕೆಲಿಗೆ ದ್ವೀಪಗಳವರೆಗೆ ತಲುಪಿದ್ದ ನನ್ನ ಆಟದ ನಾಯಕ ಗೆರಾಲ್ಟ್ ಅವುಗಳಲ್ಲಿ ಎಲ್ಲೋ ಇದ್ದಿರಬೇಕು, ನನಗೆ ಸಿಗಲಿಲ್ಲ. ಸ್ಟೀಮ್ ಕ್ಲೌಡ್‌ನಲ್ಲಿ ಪ್ರತಿ ಇರಬೇಕಿತ್ತಲ್ಲ ಎನ್ನುವಿರಿ. ಫೋನಿನ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ 1.5 ಜಿಬಿ ಡೇಟಾ ಇದ್ದ ಕಾಲದಲ್ಲಿ, ಸೇವ್‌ಗಳಿಗೆ ತಗಲುವ ಕೆಲವೇ ಎಂಬಿ ಡೇಟಾ ಉಳಿಸಲು ಹೋಗಿ ಆ ಆಟದ ಕ್ಲೌಡನ್ನು ನಾನೇ ಆಫ್ ಮಾಡಿದ್ದೆ.

ಆದ್ದರಿಂದ ಎರಡೂ ವ್ಯವಸ್ಥೆಗಳಿಗೆ ಒಂದೇ ಡಿಸ್ಕ್ ಎನ್ನುವ ನಿಮ್ಮ ಯೋಜನೆಯನ್ನೇ ಕೈಬಿಡಿ ಎನ್ನುತ್ತೇನೆ. ಕಾಂಪಾಟ್‌ಡೇಟಾ ಫೋಲ್ಡರನ್ನು ಮಾತ್ರ ಲಿನಕ್ಸ್ ಕಡೆಗೆ ಲಿಂಕ್ ಮಾಡಿ ಉಳಿದ ಆಟವನ್ನು ಎನ್‌ಟಿಎಫ್‌ಎಸ್‌ನಲ್ಲಿ ಬಿಡುವ ಮಾರ್ಗವೂ ಇದೆ, ಬಲ್ಲವರು ಮಾಡುತ್ತಾರೆ. ಈ ಪ್ರಶ್ನೆ ಕೇಳುವ ಹಂತದಲ್ಲಿರುವವರಿಗೆ ನಾನದನ್ನು ಹೇಳುವುದಿಲ್ಲ. ನಾನು ಕೊನೆಗೆ ಹಾರ್ಡ್‌ಡಿಸ್ಕ್ ತೆಗೆದು ಯುಎಸ್‌ಬಿ ಡಬ್ಬಿಗೆ ಹಾಕಿ, ಆ ಜಾಗದಲ್ಲಿ 500 ಜಿಬಿಯ ಎಸ್‌ಎಸ್‌ಡಿ ಕೂರಿಸಿ, ಅದನ್ನು ಲಿನಕ್ಸ್‌ನ ಕಡತ ವ್ಯವಸ್ಥೆಯಾದ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿದೆ. ವಿಂಡೋಸ್‌ಗೆ ಆ ಡಿಸ್ಕನ್ನು ತಾನಾಗಿ ಓದಲು ಬರುವುದಿಲ್ಲ. ನನಗೆ ಬೇಕಾಗಿದ್ದದ್ದೂ ಅದೇ. ನೀವು ಹೆದರಿರುವ ಡೌನ್‌ಲೋಡ್ ಕೂಡ ಬೇಕಿಲ್ಲ. ಹೊಸ ಡಿಸ್ಕ್‌ನಲ್ಲಿ ಸ್ಟೀಮ್ ಲೈಬ್ರರಿ ಮಾಡಿ, ಹಳೆಯ ಡ್ರೈವ್‌ನ ಸ್ಟೀಮ್‌ಆ್ಯಪ್ಸ್‌ನೊಳಗಿನ ಕಾಮನ್ ಫೋಲ್ಡರ್‌ನಿಂದ ಆಟದ ಫೋಲ್ಡರನ್ನು ನಕಲಿಸಿ, ಇನ್‌ಸ್ಟಾಲ್ ಒತ್ತಿದರೆ ಸ್ಟೀಮ್ ಇರುವ ಕಡತಗಳನ್ನು ಗುರುತಿಸಿ ಕೊರತೆಯಾದದ್ದನ್ನು ಮಾತ್ರ ಇಳಿಸುತ್ತದೆ. ನಕಲಿಸಲು ಹಳೆಯ ಡ್ರೈವ್ ಓದಲು ಸಿಕ್ಕರೆ ಸಾಕು, ಅದರ ಮೇಲೆ ಬರೆಯುವ ಅಗತ್ಯವೇ ಬೀಳುವುದಿಲ್ಲ. ಸೇವ್‌ಗಳಿಗೆ ಕ್ಲೌಡ್ ಇರಲಿ. ವಿಂಡೋಸ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪನ್ನು ಇವತ್ತೇ ತೆಗೆಯಿರಿ.

ನಿಮ್ಮ ಪಟ್ಟಿಯ ಆಟಗಳ ಬಗ್ಗೆ: ಕೌಂಟರ್ ಸ್ಟ್ರೈಕ್ 2ಕ್ಕೆ ಲಿನಕ್ಸ್ ಆವೃತ್ತಿಯೇ ಇದೆ, ಎಲ್ಡನ್ ರಿಂಗ್ ಪ್ರೋಟಾನ್‌ನಲ್ಲಿ ಆನ್‌ಲೈನ್ ಸಮೇತ ನಡೆಯುತ್ತದೆ. ವಾಲರಂಟ್ ನಡೆಯುವುದಿಲ್ಲ. ಆಟದಲ್ಲಿ ಮೋಸ ತಡೆಯುವ ಅದರ ವ್ಯಾನ್‌ಗಾರ್ಡ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಕೂರುವ ಕಾವಲುಗಾರ. ಯಾವ ಡಿಸ್ಟ್ರೊ ಹಾಕಿದರೂ ಅದಕ್ಕೆ ಇಲ್ಲಿ ಕೂರಲು ಜಾಗವಿಲ್ಲ. ಇಂತಹ ಆಟಗಳಲ್ಲಿ ತೀರ್ಮಾನ ಪ್ರಕಾಶಕರದ್ದು: ಎಪೆಕ್ಸ್ ಲೆಜೆಂಡ್ಸ್ ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಬಾಗಿಲು ಹಾಕಿದರು. ದಿನವೂ ವಾಲರಂಟ್ ಆಡುವವರಾದರೆ ಆಟಕ್ಕೆಂದು ಲಿನಕ್ಸ್‌ಗೆ ಬರಲೇಬೇಡಿ, ಎರಡು ಮನೆ ನಡೆಸುವ ಕಷ್ಟ ನಿಮಗೆ ಬೇಕಿಲ್ಲ. ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚುತ್ತದೆಂದು ಯಾರೋ ಹೇಳಿದ್ದರೆ ಅದನ್ನೂ ಪಕ್ಕಕ್ಕಿಡಿ. ನನ್ನ 1650ಯಲ್ಲಿ ವಿಚರ್ 3 ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಥರ ಓಡಿತು.

ಡಿಸ್ಟ್ರೊ ಪ್ರಶ್ನೆ ಉಳಿಯಿತು. ಮಿಂಟ್ ಹಾಕಿ, ಡ್ರೈವರ್ ಮ್ಯಾನೇಜರ್ ತೆರೆದು ಅದು ಶಿಫಾರಸು ಮಾಡುವ ಎನ್‌ವಿಡಿಯಾ ಡ್ರೈವರ್ ಆರಿಸಿ. ಸ್ಟೀಮ್‌ನ ಫ್ಲಾಟ್‌ಪ್ಯಾಕ್ (ಉಳಿದ ವ್ಯವಸ್ಥೆಯಿಂದ ಬೇರ್ಪಟ್ಟು ನಡೆಯುವ) ಆವೃತ್ತಿ ಬೇಡ, ಬೇರೆ ಡಿಸ್ಕ್‌ನ ಲೈಬ್ರರಿ ನೋಡಲು ಅದಕ್ಕೆ ಪ್ರತ್ಯೇಕ ಅನುಮತಿ ಕೊಡಬೇಕಾಗುತ್ತದೆ. ಮಿಂಟ್‌ನ ಸಾಮಾನ್ಯ ಬಗೆಯಾದ ಡೆಬ್ ಪ್ಯಾಕೇಜನ್ನೇ ಹಾಕಿಕೊಳ್ಳಿ.