ಅಳಿಯ ಕೇಳುವ ವಿಮಾನ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿ ಅಡಿಕೆ ತೋಟ. ದುಬೈಯಲ್ಲಿರುವ ಅಳಿಯನಿಗೆ ವಿಮಾನ ಹಾರಿಸುವ ಲೈಸೆನ್ಸ್ ಇದೆ. ಎರಡು ಇಂಜಿನ್‌ನ ಹಳೇ ಬೀಚ್‌ಕ್ರಾಫ್ಟ್ ಬ್ಯಾರನ್ ಕಮ್ಮಿಗೆ ಸಿಗುತ್ತದೆ, ಕೊಳ್ಳೋಣ ಅನ್ನುತ್ತಾನೆ. ಆಗುವ ಮಾತಾ?

ಉತ್ತರ: ಅಳಿಯನಿಗೆ ಇಲ್ಲ ಅನ್ನೋದು ಕಷ್ಟ, ಗೊತ್ತು ರಾಯರೇ. ವಿಮಾನ ರಿಪೇರಿಯಲ್ಲೇ ಕೂದಲು ಬೆಳ್ಳಗಾದವ ನಾನು. ಹಳೇ ವಿಮಾನದಲ್ಲಿ ಕೊಳ್ಳುವ ಬೆಲೆ ದೊಡ್ಡದಲ್ಲ, ಸಾಕೋದು ದೊಡ್ಡದು. ಬ್ಯಾರನ್ ಗಂಟೆಗೆ ಸುಮಾರು 100 ಲೀಟರ್ ಕುಡಿಯುತ್ತದೆ. ಅದೂ ಏವ್‌ಗ್ಯಾಸ್, ಅಂದರೆ ವಿಮಾನದ ಪೆಟ್ರೋಲು, ನಮ್ಮ ದೇಶದಲ್ಲಿ ಎಲ್ಲ ವಿಮಾನ ನಿಲ್ದಾಣಗಳಲ್ಲೂ ಸಿಗದು. ಎರಡು ಇಂಜಿನ್‌ನದೇ ಇನ್ನೊಂದು ವಿಮಾನ ಡೈಮಂಡ್ ಡಿಎ42 ಜೆಟ್ ಇಂಧನದಲ್ಲೇ ಓಡುತ್ತದೆ, ಅರ್ಧದಷ್ಟು ಸಾಕು. ಬ್ಯಾರನ್‌ನ ಇಂಜಿನ್‌ಗಳನ್ನು ಸುಮಾರು 1,700 ಗಂಟೆ ಓಡಿದ ಮೇಲೆ ಪೂರ್ತಿ ಬಿಚ್ಚಿ ಕಟ್ಟಿಸಬೇಕು. ಎರಡನ್ನೂ! ಒಂದು ನಿಂತರೆ ಇನ್ನೊಂದಿದೆ ಅಲ್ವಾ ಅನ್ನಬೇಡಿ. ಆಗ ಮೇಲೇರುವ ಶಕ್ತಿ ಅರ್ಧವಲ್ಲ, ಶೇ. 80ರಷ್ಟು ಹೋಗುತ್ತದೆ. ಅದಕ್ಕೇ ಎರಡು ಇಂಜಿನ್‌ಗೆ ಬೇರೆ ತರಬೇತಿ ಬೇಕು, ಅಳಿಯನಿಗೆ ಆಗಿದೆಯಾ ಕೇಳಿ.

ಮತ್ತೆ ನಿಲ್ಲಿಸೋದೆಲ್ಲಿ? ಕಾಸರಗೋಡಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಮಂಗಳೂರಿಗೋ ಕಣ್ಣೂರಿಗೋ ಕಾರಲ್ಲೇ ಹೋಗಬೇಕು, ನಿಲುಗಡೆ ಬಾಡಿಗೆ, ವಿಮೆ ಬೇರೆ. ಹಾರುವ ಹುಚ್ಚು ಜಾಸ್ತಿ ಇದ್ದರೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಗಂಟೆ ಲೆಕ್ಕಕ್ಕೆ ಹಾರಲಿ.