ಸಂದಿನಲ್ಲಿ ನುಗ್ಗುವ ತೇವ

ಮನೆ ರಿಪೇರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 50 ವರ್ಷ ಹಳೆಯ ಮನೆ. ವರ್ಷದ ಹೆಚ್ಚು ತಿಂಗಳು ಸೆಕೆ, ಜೊತೆಗೆ ಗಾಳಿಯಲ್ಲಿ ವಿಪರೀತ ತೇವ. ಎರಡು ವರ್ಷದ ಹಿಂದೆ ಮಲಗುವ ಕೋಣೆಗೆ ಎಸಿ ಹಾಕಿಸಿದೆವು. ಕೋಣೆ ತಣ್ಣಗಾಗುತ್ತದೆ, ಆದರೆ ಹಾಸಿಗೆ ಮುಟ್ಟಿದರೆ ಒದ್ದೆ ಅನಿಸುತ್ತದೆ. ಬೀರುವಿನ ಹಿಂದೆ ಗೋಡೆಗೆ ಕಪ್ಪು ಬೂಷ್ಟು ಬಂದಿದೆ. ಇನ್ನೂ ದೊಡ್ಡ ಎಸಿ ಹಾಕಿಸಿ ಅಂತ ಒಬ್ಬರು ಹೇಳುತ್ತಾರೆ, ಕಿಟಕಿಯ ಸಂದು ಮುಚ್ಚಿ ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ: ದೊಡ್ಡ ಎಸಿ ಖಂಡಿತ ಬೇಡ. ಎಸಿ ಗಾಳಿಯಿಂದ ನೀರು ತೆಗೆಯುವುದು ಹೇಗೆ ಅಂದರೆ, ಒಳಗಿನ ಕಾಯಿಲ್ ತಣ್ಣಗಾಗಿ, ಅದರ ಮೇಲೆ ಹನಿ ಕಟ್ಟಿ, ಆ ಹನಿ ಇಳಿದು ಪೈಪಿನಲ್ಲಿ ಹೊರಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು. ಕೋಣೆಗೆ ಮೀರಿದ ಎಸಿ ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ, ಕಾಯಿಲ್ ಮೇಲಿನ ನೀರು ಮತ್ತೆ ಕೋಣೆಯ ಗಾಳಿಗೇ ಸೇರುತ್ತದೆ. ನಿಮಗೆ ಆಗ ತಣ್ಣಗಿನ ಕೋಣೆ ಸಿಗುತ್ತದೆ, ಒಣ ಕೋಣೆ ಸಿಗುವುದಿಲ್ಲ.

ಸಂದಿನ ಮಾತು ಹೇಳಿದವರು ಸರಿ. ಆದರೆ ಯಾಕೆ ಸರಿ ಅನ್ನುವುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಆಮೇಲೆ ಎಲ್ಲಿ ಮುಚ್ಚಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ರಾತ್ರಿ ಹೊರಗೆ 28 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ 85 ಶೇಕಡಾ ಅಂದುಕೊಳ್ಳಿ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರು ಆವಿಯಾಗಿ ಇರುತ್ತದೆ. ಒಳಗೆ 24 ಡಿಗ್ರಿ, 50 ಶೇಕಡಾ ತೇವ ಇದ್ದರೆ ಹಿತವಾಗಿರುತ್ತದೆ, ಅಲ್ಲಿ ಇರಬೇಕಾದ್ದು ಸುಮಾರು 11 ಗ್ರಾಂ. ಅಂದರೆ ಸಂದಿನಲ್ಲಿ ನುಗ್ಗುವ ಪ್ರತಿ ಘನ ಮೀಟರ್ ಗಾಳಿಯೂ 12 ಗ್ರಾಂ ನೀರನ್ನು ಹೊತ್ತು ತರುತ್ತದೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಹೆಚ್ಚುಕಡಿಮೆ 34 ಘನ ಮೀಟರ್ ಗಾಳಿ ಇರುತ್ತದೆ. ಅಷ್ಟೂ ಗಾಳಿ ಗಂಟೆಗೆ ಒಂದು ಸಲ ಸಂದುಗಳಲ್ಲಿ ಬದಲಾದರೆ, 8 ಗಂಟೆಯಲ್ಲಿ ಮೂರು ಲೀಟರಿಗೂ ಜಾಸ್ತಿ ನೀರು ಒಳಗೆ ಬಂತು ಅಂತ ಅರ್ಥ. ಯಾರೋ ರಾತ್ರಿಯಿಡೀ ನಿಮ್ಮ ಕೋಣೆಯಲ್ಲಿ ನೀರು ಚಿಮುಕಿಸುತ್ತಾ ಕೂತ ಹಾಗೆ.

ಆ ಹೊರಗಿನ ಗಾಳಿ 25 ಡಿಗ್ರಿಗೆ ಇಳಿದರೆ ಸಾಕು, ಹನಿ ಕಟ್ಟುತ್ತದೆ. ಬೀರುವಿನ ಹಿಂದಿನ ಗೋಡೆ ಅದಕ್ಕಿಂತ ತಣ್ಣಗಿರುತ್ತದೆ, ಅಲ್ಲಿ ಗಾಳಿಯ ಓಡಾಟವೂ ಇಲ್ಲ. ಬೂಷ್ಟಿಗೆ ಬೇಕಾದ್ದೆಲ್ಲ ಅಲ್ಲೇ ಸಿಕ್ಕಿತು. ಬೀರುವನ್ನು ಇವತ್ತೇ ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆಯಿರಿ.

ಇನ್ನು ಹುಡುಕುವ ಕೆಲಸ. ಎಲ್ಲರೂ ಕಿಟಕಿಯ ಗಾಜಿನ ಅಂಚಿನಿಂದ ಶುರು ಮಾಡುತ್ತಾರೆ, ನೀವು ಮೊದಲು ಎಸಿ ಪೈಪ್ ಗೋಡೆ ದಾಟುವ ತೂತು ನೋಡಿ. ಮೂರು ಇಂಚಿನ ತೂತು ಕೊರೆದು, ಪೈಪ್ ತೂರಿಸಿ, ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇಟ್ಟು ಹೋಗಿರುತ್ತಾರೆ, ಒಳಗೆ ಪೂರ್ತಿ ಖಾಲಿ. ನಾನು ನೋಡಿದ ಎಷ್ಟೋ ಕೋಣೆಗಳಲ್ಲಿ ಇದೇ ದೊಡ್ಡ ಕಳ್ಳದಾರಿ. ಎರಡನೆಯದು ಮೇಲ್ಭಾಗ: ಹಳೆಯ ವೆಂಟಿಲೇಟರ್, ಫಾಲ್ಸ್ ಸೀಲಿಂಗ್‌ನಲ್ಲಿ ದೀಪ ಕೂರಿಸಲು ಕೊರೆದ ತೂತುಗಳು, ಗೋಡೆ ಮತ್ತು ಚಾವಣಿ ಸೇರುವ ಜಾಗ. ಎಸಿ ಹಾಕಿದ ಕೋಣೆಯಲ್ಲಿ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ಬಾಗಿಲಡಿಯಿಂದ ಸೋರುತ್ತದೆ, ಅಷ್ಟೇ ಗಾಳಿಯನ್ನು ಮೇಲಿನ ತೂತುಗಳು ಎಳೆದುಕೊಳ್ಳುತ್ತವೆ. ಅಟ್ಟದ ಗಾಳಿ ಬಿಸಿಯೂ ಹೌದು, ತೇವವೂ ಹೌದು, ಧೂಳು ಬೇರೆ. ಆಮೇಲೆ ಬಾಗಿಲಡಿ, ಕಿಟಕಿಯ ಚೌಕಟ್ಟು ಗೋಡೆಗೆ ಕೂಡುವ ಸಂದು, ಕೊನೆಗೆ ಸ್ವಿಚ್ ಬೋರ್ಡು. ಗೋಡೆಯೊಳಗಿನ ವೈರಿನ ಪೈಪು ಅಟ್ಟದವರೆಗೂ ಹೋಗಿರುತ್ತದೆ. ಇರುವೆ ಅಲ್ಲಿಂದ ಬರುತ್ತಿದ್ದರೆ ಗಾಳಿಯೂ ಬರುತ್ತಿದೆ ಅಂತಲೇ ತಿಳಿಯಿರಿ.

ಪತ್ತೆ ಮಾಡಲು ಯಂತ್ರ ಏನೂ ಬೇಕಿಲ್ಲ. ಮಧ್ಯಾಹ್ನ ಬಾಗಿಲು, ಕಿಟಕಿ, ಪರದೆ ಎಲ್ಲ ಹಾಕಿ, ದೀಪ ಆರಿಸಿ, ಎರಡು ನಿಮಿಷ ಕಣ್ಣು ಹೊಂದಿಕೊಳ್ಳಲು ಬಿಡಿ. ಬೆಳಕು ಬರುವ ಕಡೆಯಿಂದೆಲ್ಲ ಗಾಳಿ ಬರುತ್ತದೆ. ನಂತರ ಸೀಲಿಂಗ್ ಫ್ಯಾನ್ ನಿಲ್ಲಿಸಿ, ಕೋಣೆಗೆ ಸೇರಿದ ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ, ಊದುಬತ್ತಿ ಹಿಡಿದು ಸಂದುಗಳ ಹತ್ತಿರ ನಿಧಾನವಾಗಿ ಓಡಾಡಿ. ಫ್ಯಾನ್ ಗಾಳಿಯನ್ನು ಹೊರಗೆ ತಳ್ಳುವಾಗ ಸಂದುಗಳಲ್ಲಿ ಗಾಳಿ ಒಳಗೆ ನುಗ್ಗುತ್ತದೆ, ಹೊಗೆ ಅಲ್ಲಾಡಿ ತೋರಿಸಿಕೊಡುತ್ತದೆ. ಪರದೆಯಿಂದ ಬತ್ತಿ ದೂರ ಇರಲಿ. ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡುವ ಪರೀಕ್ಷೆ ಇದೆ, ಬ್ಲೋವರ್ ಡೋರ್ ಅನ್ನುತ್ತಾರೆ, ಬಾಗಿಲಿಗೆ ಫ್ಯಾನ್ ಕೂರಿಸಿ 50 ಪಾಸ್ಕಲ್ ಒತ್ತಡದ ವ್ಯತ್ಯಾಸದಲ್ಲಿ ಮನೆ ಎಷ್ಟು ಸೋರುತ್ತದೆ ಅಂತ ಅಳೆಯುತ್ತಾರೆ. ಒಂದು ಕೋಣೆಗೆ ಅದರ ಅಗತ್ಯ ಕಾಣುವುದಿಲ್ಲ.

ಮುಚ್ಚುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಜಾಗ ಅಲ್ಲಾಡುತ್ತದಾ, ಇಲ್ಲವಾ? ತೆಗೆದು ಹಾಕುವ ಬಾಗಿಲು, ಕಿಟಕಿಯ ಕದಕ್ಕೆ ರಬ್ಬರ್ ಪಟ್ಟಿ, ಬಾಗಿಲಡಿಗೆ ಬ್ರಶ್ ಅಥವಾ ರಬ್ಬರಿನ ಪಟ್ಟಿ. ಸ್ಪಂಜಿನಂಥ ಅಂಟುಪಟ್ಟಿ ಒಂದೆರಡು ವರ್ಷಕ್ಕೆ ಚಪ್ಪಟೆಯಾಗಿ ಉದುರುತ್ತದೆ, ಒಳ್ಳೆಯ ರಬ್ಬರೇ ತಗೊಳ್ಳಿ. ಚೌಕಟ್ಟಿನ ಸಣ್ಣ ಸಂದಿಗೆ ಒಳಗಡೆ ಆಕ್ರಿಲಿಕ್ ಸೀಲಂಟ್, ಅದರ ಮೇಲೆ ಬಣ್ಣ ನಿಲ್ಲುತ್ತದೆ. ಮಳೆ ಬೀಳುವ ಕಡೆ ಸಿಲಿಕೋನ್, ಆದರೆ ಅದಕ್ಕೆ ಬಣ್ಣ ಹಿಡಿಯುವುದಿಲ್ಲ. ಅರ್ಧ ಬೆರಳಿನಷ್ಟು ಅಗಲದ ಸಂದಿಗೆ ಸೀಲಂಟ್ ಸುಮ್ನೆ ತುಂಬಬೇಡಿ, ಒಣಗಿದ ಮೇಲೆ ಬಿರುಕು ಬಿಡುತ್ತದೆ. ಮೊದಲು ಫೋಮಿನ ಹಗ್ಗ ತುರುಕಿ, ಮೇಲೆ ತೆಳ್ಳಗೆ ಸೀಲಂಟ್ ಎಳೆಯಿರಿ. ಎಸಿ ಪೈಪಿನ ತೂತಿಗೆ ಉಬ್ಬುವ ಫೋಮ್ ಸರಿ, ತೂತಿನ ಅರ್ಧದಷ್ಟು ಮಾತ್ರ ತುಂಬಿ, ಉಳಿದದ್ದು ಅದೇ ಉಬ್ಬಿಕೊಳ್ಳುತ್ತದೆ. ಹೊರಗಡೆ ಬಿಸಿಲು ಬೀಳುವಲ್ಲಿ ಫೋಮ್ ಹಳದಿಯಾಗಿ ಪುಡಿಯಾಗುತ್ತದೆ, ಆದ್ದರಿಂದ ಮೇಲೆ ಗಾರೆ ಅಥವಾ ಬಣ್ಣ ಹಚ್ಚಿ. ಬೆಂಕಿ, ಹೊಗೆಕೊಳವೆಯ ಹತ್ತಿರ ಫೋಮ್ ಬೇಡವೇ ಬೇಡ, ಅದು ಉರಿಯುವ ವಸ್ತು. ಸ್ವಿಚ್ ಬೋರ್ಡ್ ಬಿಚ್ಚುವ ಮೊದಲು ಮೇನ್ ಆರಿಸಿ, ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ.

ಹಳೆಯ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಚೌಕಟ್ಟನ್ನು ಒಣಗಿದ್ದಾಗ ಉಜ್ಜಬೇಡಿ, ನೀರು ಹಚ್ಚಿ ಉಜ್ಜಿ, ಮಕ್ಕಳು ಆ ಕಡೆ ಬರದಂತೆ ನೋಡಿಕೊಳ್ಳಿ.

ಕೆಲಸ ಮುಗಿದ ಮೇಲೆ ತೇವ ಅಳೆಯುವ ಪುಟ್ಟ ಮೀಟರ್ ಇಟ್ಟು ಒಂದು ವಾರ ನೋಡಿ. 60 ಶೇಕಡಾಕ್ಕಿಂತ ಕೆಳಗೆ ನಿಂತರೆ ಗೆದ್ದಿರಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಎಸಿ ಇಲ್ಲ, ಹಾಕಿಸುವ ಯೋಚನೆಯೂ ಇಲ್ಲ. ಮಾಡಿಗೆ ಹಂಚು, ಸೂರಿನಡಿ ಪೂರ್ತಿ ತೆರೆದಿದೆ. ಸಂದು ಮುಚ್ಚಿದರೆ ತಂಪಾಗುತ್ತದಾ?

ಉತ್ತರ: ಇಲ್ಲ, ಧಗೆ ಜಾಸ್ತಿಯಾಗುತ್ತದೆ. ದಯವಿಟ್ಟು ಮುಚ್ಚಬೇಡಿ. ಆ ಮನೆ ಕಟ್ಟಿದವರು ಗಾಳಿ ಆಡಲಿ ಅಂತಲೇ ಸೂರಿನಡಿ ಬಿಟ್ಟಿದ್ದಾರೆ. ಬಿಸಿ ಗಾಳಿ ಮೇಲಿನಿಂದ ಹೋಗುತ್ತದೆ, ಕೆಳಗಿನ ಕಿಟಕಿಯಿಂದ ಹೊಸ ಗಾಳಿ ಬಂದು ಬೆವರು ಆರಿಸುತ್ತದೆ. ಮುಚ್ಚುವ ಕೆಲಸ ಎಸಿ ಓಡುವ ಕೋಣೆಗೆ ಮಾತ್ರ. ಮುಂದೆ ಯಾವತ್ತಾದರೂ ಒಂದು ಕೋಣೆಗೆ ಎಸಿ ಬಂದರೂ ಸೂರನ್ನು ಮುಟ್ಟಬೇಡಿ. ಆ ಕೋಣೆಗೆ ಮಾತ್ರ ಕೆಳಗೊಂದು ಚಾವಣಿ ಹಾಕಿ, ಅದರ ಅಂಚುಗಳನ್ನು ಗಾಳಿ ಸೋರದಂತೆ ಸೀಲ್ ಮಾಡಿ, ಹಂಚಿಗೂ ಚಾವಣಿಗೂ ನಡುವಿನ ಜಾಗದಲ್ಲಿ ಗಾಳಿ ಮೊದಲಿನಂತೆ ಓಡಾಡಲಿ.

ಪ್ರಶ್ನೆ: ಹಗಲು ಕಿಟಕಿ ಮುಚ್ಚಿ, ರಾತ್ರಿ ತಂಪಾದ ಮೇಲೆ ತೆರೆದು ಮನೆ ಒಣಗಿಸಿಕೊಂಡು, ಆಮೇಲೆ ಎಸಿ ಹಾಕುತ್ತೇವೆ. ಇದು ಒಳ್ಳೆಯ ಅಭ್ಯಾಸ ಅಲ್ವಾ?

ಉತ್ತರ: ಒಣ ಹವೆಯ ಊರುಗಳಲ್ಲಿ ಒಳ್ಳೆಯದು, ತೇವದ ಹವೆಯಲ್ಲಿ ಮನೆ ಅದರಿಂದ ಒಣಗುವುದಿಲ್ಲ. ಮಧ್ಯಾಹ್ನ 33 ಡಿಗ್ರಿಯಲ್ಲಿ 60 ಶೇಕಡಾ ತೇವ ಇದ್ದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರು. ನಡುರಾತ್ರಿ 25 ಡಿಗ್ರಿಯಲ್ಲಿ 95 ಶೇಕಡಾ ಇದ್ದರೆ ಸುಮಾರು 22 ಗ್ರಾಂ. ಗಾಳಿ ತಂಪಾಯಿತು, ನೀರು ಹಾಗೇ ಇದೆ. ಕಿಟಕಿ ತೆರೆದಾಗ ಹಾಸಿಗೆ, ಬಟ್ಟೆ, ಪುಸ್ತಕ, ಗೋಡೆ ಎಲ್ಲವೂ ಆ ತೇವ ಹೀರಿಕೊಳ್ಳುತ್ತವೆ, ಆಮೇಲೆ ಎಸಿ ಅದನ್ನೆಲ್ಲ ಮತ್ತೆ ಹಿಂಡಿ ತೆಗೆಯಬೇಕು. ರಾತ್ರಿ ತೆರೆದು ಮಲಗುವುದಾದರೆ ಬೆಳಗಿನವರೆಗೂ ತೆರೆದೇ ಮಲಗಿ, ಎಸಿ ಹಾಕುವುದಾದರೆ ಸಂಜೆಯಿಂದಲೇ ಮುಚ್ಚಿರಿ. ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ಗೋಡೆಯಿಂದ ತೇವ ಒಳಗೆ ಬರದಂತೆ ಕೋಣೆಯೊಳಗೆ ಪ್ಲಾಸ್ಟಿಕ್ ವಾಲ್‌ಪೇಪರ್ ಅಂಟಿಸಬಹುದಾ?

ಉತ್ತರ: ಬೇಡ. ತೇವ ಹೊರಗಿನಿಂದ ತಣ್ಣಗಿನ ಒಳಗಡೆಗೆ ಸಾಗುತ್ತದೆ, ಪ್ಲಾಸ್ಟಿಕ್ ಸಿಕ್ಕಿದ ಕೂಡಲೇ ಅದರ ಬೆನ್ನಿಗೆ ನಿಂತುಬಿಡುತ್ತದೆ. ಮೇಲೆ ನೋಡಲು ಚೆಂದ, ಹಿಂದೆ ಬೂಷ್ಟು. ಅಂಚು ಕಿತ್ತು ನೋಡಿದಾಗಲೇ ಗೊತ್ತಾಗುವುದು. ದಪ್ಪ ಎಣ್ಣೆ ಬಣ್ಣವೂ ಇದೇ ಕೆಲಸ ಮಾಡುತ್ತದೆ. ಹೊರಗೋಡೆಯ ಒಳಮೈಗೆ ಸುಣ್ಣ ಅಥವಾ ತೇವ ಆರಲು ಬಿಡುವ ಬಣ್ಣ ಸಾಕು. ಸುಣ್ಣದ ಗಾರೆಯ ಹಳೆಯ ಗೋಡೆಯ ಬಿರುಕಿಗೂ ಸುಣ್ಣದ ಗಾರೆಯನ್ನೇ ತುಂಬಿ. ಸಿಮೆಂಟ್ ಗಟ್ಟಿ, ಪಕ್ಕದ ಗಾರೆಯೊಂದಿಗೆ ಹೊಂದುವುದಿಲ್ಲ, ತೇವವನ್ನೂ ಒಳಗೇ ಕಟ್ಟಿಹಾಕುತ್ತದೆ.

ಪ್ರಶ್ನೆ: ಜಾರುವ ಅಲ್ಯೂಮಿನಿಯಂ ಕಿಟಕಿಯ ಕೆಳಪಟ್ಟಿಯಲ್ಲಿ ಹೊರಗಡೆಗೆ ಸಣ್ಣ ತೂತುಗಳಿವೆ. ಅವನ್ನೂ ಮುಚ್ಚಬೇಕಾ?

ಉತ್ತರ: ಮುಚ್ಚಲೇಬೇಡಿ. ಮಳೆನೀರು ಹೊರಗೆ ಹೋಗಲು ಇಟ್ಟ ತೂತು ಅವು. ನಮ್ಮ ಮನೆಯಲ್ಲಿ ಕೆಲಸಕ್ಕೆ ಬಂದವರು ಅವಕ್ಕೂ ಸಿಲಿಕೋನ್ ಹಚ್ಚಿದ್ದರು, ಮೊದಲ ಜೋರು ಮಳೆಗೇ ಪಟ್ಟಿ ತುಂಬಿ ನೀರು ಗೋಡೆಯ ಒಳಗಡೆ ಇಳಿಯಿತು. ಆ ತೂತುಗಳಲ್ಲಿ ಕಸ ಕಟ್ಟಿದ್ದರೆ ಕಡ್ಡಿಯಲ್ಲಿ ಬಿಡಿಸಿ.

ಪ್ರಶ್ನೆ: ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದೆ. ಬಚ್ಚಲು ಎಸಿ ಕೋಣೆಗೆ ಸೇರಿದೆ, ಅದರ ವೆಂಟಿಲೇಟರ್‌ನಿಂದ ತುಂಬಾ ಗಾಳಿ ಬರುತ್ತದೆ. ಗಾಜು ಹಾಕಿ ಮುಚ್ಚಬಹುದಾ?

ಉತ್ತರ: ಈ ಪತ್ರ ಓದಿ ನನಗೆ ನಿಜವಾಗಿ ಭಯವಾಯಿತು. ಆ ವೆಂಟಿಲೇಟರ್ ಮುಚ್ಚಬೇಡಿ, ಒಂದು ದಿನದ ಮಟ್ಟಿಗೂ ಬೇಡ. ಗ್ಯಾಸ್ ಉರಿಯಲು ಗಾಳಿ ಬೇಕು. ಗಾಳಿ ಸಾಲದೆ ಹೋದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ, ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರಿಗೆ ತಲೆನೋವು, ತಲೆಸುತ್ತು, ವಾಂತಿ ಬಂದಂತಾಗಿ, ಬಾಗಿಲು ತೆಗೆಯುವಷ್ಟರಲ್ಲಿ ಕುಸಿದುಬಿಡಬಹುದು. ಹಾಗೆ ಯಾರಿಗಾದರೂ ಅನಿಸಿದರೆ ತಕ್ಷಣ ಬಯಲಿಗೆ ಬರಬೇಕು, ಆಸ್ಪತ್ರೆಗೆ ಹೋಗಬೇಕು.

ಮೊದಲು ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ತೆರೆದ ಜಾಗಕ್ಕೆ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅದು ಆಗುವವರೆಗೆ ಎಸಿಯ ಮಾತು ಮರೆತುಬಿಡಿ. ಆಮೇಲೂ ಬಚ್ಚಲಿನ ವೆಂಟಿಲೇಟರ್ ಮುಚ್ಚುವ ಬದಲು ಬಚ್ಚಲಿಗೂ ಕೋಣೆಗೂ ನಡುವಿನ ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿ. ಸ್ನಾನದ ಆವಿ ಹೊರಗೇ ಹೋಗುತ್ತದೆ, ಕೋಣೆ ಒಣಗಿಯೇ ಇರುತ್ತದೆ. ಒಲೆ ಇರುವ ಅಡುಗೆಮನೆಗೂ ಇದೇ ಮಾತು.

ಪ್ರಶ್ನೆ: ಎಲ್ಲ ಸಂದು ಮುಚ್ಚಿದರೆ ಮಲಗಿದಾಗ ಉಸಿರಾಡಲು ಗಾಳಿ ಸಾಕಾಗುತ್ತದಾ? ಕೋಣೆಯಲ್ಲಿ ನಾವು ನಾಲ್ವರು ಮಲಗುತ್ತೇವೆ.

ಉತ್ತರ: ಹಳೆಯ ಮನೆಯನ್ನು ಕೈಯಲ್ಲಿ ಎಷ್ಟು ಮುಚ್ಚಿದರೂ ಡಬ್ಬಿಯಂತೆ ಬಿಗಿಯಾಗುವುದಿಲ್ಲ, ಆದ್ದರಿಂದ ಉಸಿರು ಕಟ್ಟುವ ಭಯ ಬೇಡ. ಆದರೆ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿರುವುದನ್ನೇ ತಿರುಗಿಸುತ್ತದೆ. ನಾಲ್ವರು ಅಂದರೆ ಬೆಳಿಗ್ಗೆ ಗಾಳಿ ಕೆಟ್ಟು ತಲೆ ಭಾರ ಅನಿಸಬಹುದು. ಪಕ್ಕದ ಕೋಣೆಗೆ ಹೋಗುವ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದಿಡಿ, ಹೊರಗೋಡೆಯ ಸಂದುಗಳು ಮಾತ್ರ ಮುಚ್ಚಿರಲಿ. ಸ್ವಲ್ಪ ತೇವ ಬರುತ್ತದೆ, ಎಸಿ ಅಷ್ಟನ್ನು ನೋಡಿಕೊಳ್ಳುತ್ತದೆ.