ಹೊಂಡದ ಹಾಳೆಯೋ, ಕೋಳಿ ಗೊಬ್ಬರವೋ?

ಪ್ರಶ್ನೆ: ಕೃಷಿ ಹೊಂಡಕ್ಕ ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಟ್ಲಾ, ರೋಹು ಮರಿ ಬಿಟ್ಟೀವ್ರಿ. ಫಾರಂ ಕೋಳಿ ಗೊಬ್ಬರ ಹಾಕ್ತೀವಿ. ಮರಿ ಸಾಯ್ಲಕತ್ತಾವ, ಕೆಲವಕ್ಕ ಬೆನ್ನು ಸೊಟ್ಟ ಅದ. ಹಾಳೆ ಪುಡಿ ಉದುರ್ಲಕತ್ತದ. ಕೋಳಿಗಿ ಕೊಟ್ಟ ಔಷಧಿ, ಈ ಪುಡಿ ಎರಡೂ ಕೂಡಿ ಹಿಂಗ ಮಾಡ್ತಾವೇನ್ರಿ?
– ರೈತರೊಬ್ಬರು, ಶಹಾಪುರ ತಾಲ್ಲೂಕು, ಯಾದಗಿರಿ

ಉತ್ತರ: ಮೊದಲು ಸೊಟ್ಟ ಬೆನ್ನಿನ ವಿಚಾರ. ರೋಹು ಮೊಟ್ಟೆ 27–30 ಡಿಗ್ರಿಯಲ್ಲಿ 14–18 ತಾಸಿಗೆ ಒಡೆಯುತ್ತದೆ. ಬೆನ್ನೆಲುಬಿನ ಅಡಿಪಾಯ ಬೀಳುವುದು ಆ ಹೊತ್ತಿನಲ್ಲೇ. ಬಿಡುವ ದಿನವೇ ಸೊಟ್ಟವಿದ್ದರೆ ದೋಷ ಮರಿ ತಂದ ಕಡೆಯದು. ಆಮೇಲೆ ಕಾಣಿಸಿಕೊಂಡರೆ ಮೇವಿನಲ್ಲಿ ‘ಸಿ’ ಜೀವಸತ್ವದ ಕೊರತೆ, ಹತ್ತಿ ಹೊಲದಿಂದ ಹರಿದುಬಂದ ಕೀಟನಾಶಕ, ಇವೆರಡನ್ನು ಪ್ಲಾಸ್ಟಿಕ್‌ಗಿಂತ ಮೊದಲು ಅನುಮಾನಿಸಿ.

ಹಾಗೆಂದು ನಿಮ್ಮ ಶಂಕೆಯನ್ನು ತಳ್ಳಿಹಾಕುವಂತಿಲ್ಲ. ಕೋಳಿಗೆ ಕೊಡುವ ಎನ್ರೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್‌ನ ಒಂದು ಪಾಲು ಸಿಪ್ರೊಫ್ಲಾಕ್ಸಾಸಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಆಗಿ ಹಿಕ್ಕೆಯಲ್ಲಿ ಬರುತ್ತದೆ. ಗೊಬ್ಬರ ಕೊಳೆತರೂ ಇದು ಬೇಗ ಹೋಗುವುದಿಲ್ಲ. ಬಿಸಿಲಿಗೆ ಒರಟಾದ ಪ್ಲಾಸ್ಟಿಕ್ ಹೊಸದಕ್ಕಿಂತ ಹೆಚ್ಚಾಗಿ ಇದನ್ನು ಮೈಗಂಟಿಸಿಕೊಳ್ಳುತ್ತದೆ. ಮುಂದಿನದು ಎರಡು ಬಗೆ: ಪುಡಿ ಔಷಧಿಯನ್ನು ಬಿಗಿಯಾಗಿ ಹಿಡಿದಿಟ್ಟರೆ ನೀರಿನಲ್ಲಿ ಅದು ಕಡಿಮೆಯಾಗಿ ಹಾನಿಯೂ ತಗ್ಗಬಹುದು, ಮರಿ ಆ ಪುಡಿ ನುಂಗಿ, ಔಷಧಿ ಕರುಳಲ್ಲಿ ಬಿಡುಗಡೆಯಾದರೆ ಹಾನಿ ಏರುತ್ತದೆ. ಪ್ರಯೋಗಾಲಯಗಳಲ್ಲಿ ಎರಡೂ ಕಂಡಿವೆ. ಆದ್ದರಿಂದ ನಿಮ್ಮ ಹೊಂಡದಲ್ಲಿ ಏನಾಗುತ್ತಿದೆ ಎಂಬುದನ್ನು ನೀವೇ ನೋಡಬೇಕು.

ದಡದ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಉಳಿದ ಚೂರಿಗೆ ಕಾಯಿಸಿದ ಸೂಜಿ ಮುಟ್ಟಿಸಿ. ಪ್ಲಾಸ್ಟಿಕ್ ಕರಗಿ ಮುದುಡುತ್ತದೆ, ಎಲೆಚೂರು ಕರಕಲಾಗುತ್ತದೆ. ಪ್ಲಾಸ್ಟಿಕ್ ಖಚಿತವಾದರೆ 50 ಲೀಟರಿನ ನಾಲ್ಕು ಟಬ್ಬುಗಳಿಗೆ ಒಂದೇ ಬೋರ್‌ವೆಲ್ ನೀರು, ತಲಾ 20 ಸಣ್ಣ ಮರಿ, ಎಲ್ಲಕ್ಕೂ ಗಾಳಿ ಪಂಪು. ಮೊದಲನೆಯದಕ್ಕೆ ಏನೂ ಬೇಡ, ಎರಡನೆಯದಕ್ಕೆ ಒಂದು ಚಿಟಿಕೆ ಹಾಳೆಪುಡಿ, ಮೂರನೆಯದಕ್ಕೆ ಗೊಬ್ಬರ, ನಾಲ್ಕನೆಯದಕ್ಕೆ ಎರಡೂ ಅಷ್ಟಷ್ಟೇ. ಗೊಬ್ಬರ ಹೊಂಡದ ಲೆಕ್ಕದಲ್ಲೇ ಇರಲಿ: 1,000 ಘನ ಮೀಟರಿಗೆ 50 ಕೆ.ಜಿ. ಹಾಕುತ್ತಿದ್ದರೆ ಟಬ್ಬಿಗೆ 2.5 ಗ್ರಾಂ. ನಾಲ್ಕು ದಿನ ನೋಡಿ, ಸತ್ತವನ್ನು ಕೂಡಲೇ ತೆಗೆಯಿರಿ. ಮೊದಲ ಟಬ್ಬಿನಲ್ಲೇ ಎರಡಕ್ಕಿಂತ ಹೆಚ್ಚು ಸತ್ತರೆ ಪರೀಕ್ಷೆ ಕೆಟ್ಟಿತು. ನೀರು ಇಲ್ಲವೆ ಮರಿಯೇ ಸರಿಯಿಲ್ಲ. ನಾಲ್ಕನೆಯದರ ಸಾವು ಎರಡು, ಮೂರನೆಯವುಗಳ ಮೊತ್ತವನ್ನು ಸ್ಪಷ್ಟವಾಗಿ ಮೀರಿದರೆ ಎರಡೂ ಕೂಡಿ ಕಾಡುತ್ತಿವೆ ಎನ್ನಲು ಆಧಾರವಿದೆ. ಮೂರನೆಯದರಲ್ಲೇ ಸಾವು ಹೆಚ್ಚಿದ್ದರೆ ಔಷಧಿಯನ್ನು ದೂರುವ ಮೊದಲು ನೀರು ಪರೀಕ್ಷೆಯ ಕಿಟ್‌ನಿಂದ, ಗೊಬ್ಬರದಿಂದೇಳುವ ಅಮೋನಿಯಾ ಅಳೆಯಿರಿ. ಬಹಳ ಸಲ ಕಳ್ಳ ಅದೇ. ಸೊಟ್ಟ ಬೆನ್ನು ನಾಲ್ಕು ದಿನದಲ್ಲಿ ಬರುವಂಥದ್ದಲ್ಲ, ಅದನ್ನು ಇಲ್ಲಿ ಹುಡುಕಬೇಡಿ.

ಸದ್ಯಕ್ಕೆ ಫಾರಂ ಗೊಬ್ಬರ ನಿಲ್ಲಿಸಿ. ಹಾಳೆ ಪುಡಿಯಾಗುವುದು ನೀರಿಗಿಂತ ಮೇಲೆ ಬಿಸಿಲಿಗೆ ಬಿದ್ದ ಅಂಚಿನಲ್ಲಿ. ಆ ಪಟ್ಟಿಯನ್ನು ನೆರಳು ಬಲೆಯಿಂದ ಮುಚ್ಚಿ. ಸಾವು ತಡೆಯಲೆಂದು ಹೊಂಡಕ್ಕೆ ಆ್ಯಂಟಿಬಯೋಟಿಕ್ ಸುರಿಯಬೇಡಿ. ಫಾರಂ ಗೊಬ್ಬರದ ಬದಲಿಗೆ ಸಗಣಿ ಹಾಕುವುದಾದರೆ, ಹುಳ, ಉಣ್ಣೆಗೆಂದು ಐವರ್‌ಮೆಕ್ಟಿನ್ ಔಷಧಿ ಚುಚ್ಚಿಸಿದ ದನದ್ದನ್ನು, ಚುಚ್ಚಿಸಿದ ಮೇಲೆ ಕನಿಷ್ಠ ಒಂದು ತಿಂಗಳು ಹೊಂಡಕ್ಕೆ ಹಾಕದೆ ಬೇರೆ ಇಡಿ: ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಅದು ನೀರುಚಿಗಟಗಳೆಂಬ ಪುಟ್ಟ ಜೀವಿಗಳನ್ನು ಕೊಲ್ಲುತ್ತದೆ, ಮರಿಗಳು ತಿನ್ನುವುದು ಅವನ್ನೇ.